ಹೆಬ್ಬೆಟ್ಟಿನ ಅಳತೆ

ಯಶವಂತಪುರ
18 ಜನವರಿ 2025

ಮಂಜುಶ್ರೀ ಅವರಿಗೆ,

ನನ್ನ ಹೆಸರು ಮೋನಿಕಾ. ಹುಣಸಮಾರನಹಳ್ಳಿಯ ಮುನಿಗಂಗಮ್ಮನವರ ಕಿರಿಯ ಮಗನ ಮಗಳು. ನಾವಿಬ್ಬರೂ ಭೇಟಿಯಾದವರಲ್ಲ. ಫೋನ್ ಮಾಡಬಹುದಿತ್ತು. ಆದರೆ ಕೇಳುವುದನ್ನೆಲ್ಲ ಕಾಗದದಲ್ಲಿ ಕೇಳಿ, ಉತ್ತರವನ್ನೂ ಕಾಗದದಲ್ಲೇ ತರಿಸಿಕೊಳ್ಳಿ ಎಂದು ನಮ್ಮ ವಕೀಲರು ಹೇಳಿದ್ದಾರೆ. ಅದಕ್ಕೇ ಈ ರಿಜಿಸ್ಟರ್ ಪೋಸ್ಟ್.

ನಮ್ಮ ಅಜ್ಜಿ ನವೆಂಬರ್ ಮೂರರಂದು ತೀರಿಕೊಂಡರು. ನಾನು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ಹೋದಾಗ ನಮ್ಮ ದೊಡ್ಡಪ್ಪನ ಮಗ ನಿರಂಜನನ ಹೆಂಡತಿಯ ಕೊರಳಲ್ಲಿ ಒಂದು ಬೆಳ್ಳಿ ಲಾಕೆಟ್ ನೋಡಿದೆ. ಅದರ ಮೇಲೆ ಬೆರಳಿನ ಗೆರೆಗಳಿದ್ದವು. ಅಜ್ಜಿಯ ಹೆಬ್ಬೆಟ್ಟು ಎಂದಳು. ಯಲಹಂಕ ನ್ಯೂ ಟೌನಿನಲ್ಲಿ ನೀವು ಮಾಡಿಕೊಟ್ಟಿದ್ದು ಎಂದೂ ಹೇಳಿದಳು. ಅದೇ ದಿನ, ಊಟವಾದ ಮೇಲೆ, ಅಜ್ಜಿಯ ತಮ್ಮ ಚಿಕ್ಕಬೈರಪ್ಪ ತಾತನ ಮುಂದೆ ನಿರಂಜನ ಒಂದು ಉಯಿಲು ತಂದಿಟ್ಟ. ಹಳೇ ಮನೆ, ಹಿತ್ತಲು ಎಲ್ಲವೂ ಅವನಿಗೆ. ನಮ್ಮಪ್ಪನ ಹೆಸರು ಅದರಲ್ಲಿ ಒಂದು ಸಲವೂ ಇಲ್ಲ. ತಾರೀಖು 2024 ಆಗಸ್ಟ್ 9. ಸಾಕ್ಷಿ ಹಾಕಿದ ಇಬ್ಬರೂ ನಿರಂಜನನ ಸ್ನೇಹಿತರು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಕೆಳಗೆ ಇರುವುದು ಹೆಬ್ಬೆಟ್ಟು.

ನನ್ನ ಪ್ರಶ್ನೆಗಳು ಇಷ್ಟೇ. ಅಂಥ ಬೆಳ್ಳಿಯ ಬೆಟ್ಟು ಎಷ್ಟು ಮಾಡಿದಿರಿ? ಯಾವಾಗ ಕೊಟ್ಟಿರಿ? ಅದಕ್ಕೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿದರೆ ಗುರುತು ಮೂಡುತ್ತದೆಯೇ?

ಉತ್ತರ ಬರದಿದ್ದರೆ ನೋಟೀಸ್ ಬರುತ್ತದೆ. ಹೆದರಿಸಲು ಹೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಇತಿ,
ಮೋನಿಕಾ


ಯಲಹಂಕ ನ್ಯೂ ಟೌನ್
27 ಜನವರಿ 2025

ಮೋನಿಕಾ ಅವರಿಗೆ,

ನಿಮ್ಮ ಅಜ್ಜಿ ಹೋದ ಸುದ್ದಿ ತಿಳಿದಿತ್ತು. ಬೇಸರವಾಯಿತು.

ನಾನು ಮಾಡುವುದು ಸಿಲ್ವರ್ ಕ್ಲೇ, ಅಂದರೆ ಬೆಳ್ಳಿ ಜೇಡಿಯ ಕೆಲಸ. ಮಕ್ಕಳ ಪಾದ, ಎಲೆ, ಹೂವು, ಓಲೆ, ಹಿರಿಯರ ಬೆರಳಿನ ಗುರುತು, ಇಂಥ ಸಣ್ಣಪುಟ್ಟ ಸಾಮಾನು. ನಿರಂಜನ್ ಅವರ ಆರ್ಡರಿನಂತೆ ಒಂದು ಲಾಕೆಟ್ ಮಾಡಿ ಜುಲೈ ಕೊನೆಯ ವಾರದಲ್ಲಿ ಕೊಟ್ಟೆ. ಕೊಟ್ಟ ಮೇಲೆ ಯಾರು ಏನು ಮಾಡುತ್ತಾರೆ ಎಂಬುದು ನನಗೆ ತಿಳಿಯುವುದಿಲ್ಲ. ನಿಮ್ಮ ಮನೆಯ ವಿಚಾರಕ್ಕೆ ದಯವಿಟ್ಟು ನನ್ನನ್ನು ಎಳೆಯಬೇಡಿ.

ವಂದನೆಗಳೊಂದಿಗೆ,
ಮಂಜುಶ್ರೀ


ಯಶವಂತಪುರ
4 ಫೆಬ್ರವರಿ 2025

ಮಂಜುಶ್ರೀ ಅವರಿಗೆ,

ಒಂದು ಎಂದು ಬರೆದಿದ್ದೀರಿ.

ಕಳೆದ ಜುಲೈ ಹತ್ತೊಂಬತ್ತರಂದು ನಿಮ್ಮ ಇನ್‌ಸ್ಟಾಗ್ರಾಮ್ ಪುಟದಲ್ಲಿ ಒಂದು ಫೋಟೋ ಹಾಕಿದ್ದೀರಿ. ಬಿಳಿ ಟೈಲ್ಸ್ ಮೇಲೆ ಒಣಗಲು ಇಟ್ಟ ಸಾಮಾನು. ಮೂಲೆಯಲ್ಲಿ ಎರಡು ಹೆಬ್ಬೆಟ್ಟುಗಳು ಅಕ್ಕಪಕ್ಕ ಇವೆ. ಎರಡರಲ್ಲೂ ಅಡ್ಡಕ್ಕೆ ಒಂದೇ ಗಾಯದ ಗೆರೆ. ಅಜ್ಜಿ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿದ ಗಾಯ ಅದು. ಚಿಕ್ಕವಳಿದ್ದಾಗ ಆ ಬೆರಳು ಹಿಡಿದುಕೊಂಡು ನಿದ್ದೆ ಮಾಡಿದವಳು ನಾನು. ನನಗೆ ಗುರುತು ಸಿಗುವುದಿಲ್ಲವೇ?

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಸಣ್ಣ ವ್ಯತ್ಯಾಸ ಹುಡುಕುವುದೇ ಕಸುಬು. ಇನ್ನೊಂದು ವಿಷಯವೂ ತಿಳಿಯಿತು. ನಿಮ್ಮ ಅಂಗಡಿ ಇರುವ ಕಟ್ಟಡ ನಿರಂಜನನದು.

ಎರಡನೆಯದು ಎಲ್ಲಿದೆ? ಸುಳ್ಳು ಏಕೆ ಬರೆದಿರಿ?

ಮೋನಿಕಾ


ಯಲಹಂಕ ನ್ಯೂ ಟೌನ್
23 ಫೆಬ್ರವರಿ 2025

ಮೋನಿಕಾ ಅವರೇ,

ನಿಮ್ಮ ಪತ್ರ ಬಂದು ಎರಡು ವಾರದ ಮೇಲಾಯಿತು. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲ ಹರಿದೆ. ನಾನು ಹತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಮಕ್ಕಳು ಸುಳ್ಳು ಹೇಳಿದರೆ ಮುಖ ನೋಡಿಯೇ ಹಿಡಿಯುತ್ತಿದ್ದೆ. ನನ್ನನ್ನು ನೀವು ಮುಖ ನೋಡದೆಯೇ ಹಿಡಿದಿರಿ.

ಮಾಡಿದ್ದು ಎರಡು. ಒಂದಕ್ಕೆ ಸರ ಹಾಕುವ ಕೊಂಡಿ ಇತ್ತು. ಇನ್ನೊಂದಕ್ಕೆ ಇರಲಿಲ್ಲ, ಚಪ್ಪಟೆ ಬಿಲ್ಲೆ. ಅಜ್ಜಿ ತೀರಿಕೊಂಡ ತಿಂಗಳಲ್ಲೇ ನಿರಂಜನ್ ಫೋನ್ ಮಾಡಿದ್ದರು. ಯಾರಾದರೂ ಕೇಳಿದರೆ ಒಂದೇ ಅನ್ನಿ, ಇನ್ನೊಂದರ ವಿಷಯ ನಮ್ಮ ಮನೆಯೊಳಗಿನದು ಎಂದರು. ಏಕೆ ಎಂದು ನಾನು ಕೇಳಲಿಲ್ಲ. ಅವರ ಕಟ್ಟಡ, ಒಳ್ಳೆಯ ಜಾಗ, ಕೆಲಸ ಬಿಟ್ಟು ಬಂದವಳಿಗೆ ಮೊದಲು ಬಾಗಿಲು ತೆರೆದುಕೊಟ್ಟವರು. ಕೇಳದಿರುವುದು ಸುಲಭವಾಗಿತ್ತು. ನಿಮ್ಮ ಮೊದಲ ಪತ್ರ ಓದಿದ ಮೇಲೆ ಸುಲಭವಾಗಿಲ್ಲ.

ಜುಲೈನಲ್ಲಿ ಅವರು ಅಜ್ಜಿಯನ್ನು ಕಾರಿನಲ್ಲಿ ಕರೆತಂದರು. ಅಜ್ಜಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ನಾನೇ ಕೆಳಗೆ ಇಳಿದು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತೆ. ಅಚ್ಚು ತೆಗೆಯಲು ರಬ್ಬರಿನ ಹಿಟ್ಟು ಬರುತ್ತದೆ. ರೊಟ್ಟಿ ಹಿಟ್ಟಿನಂತೆ ನಾದಿ ಬೆರಳು ಒತ್ತಿಸಿದರೆ ಐದು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಅವರ ಬೆರಳಿನ ಗೆರೆಗಳು ಸವೆದುಹೋಗಿದ್ದವು. ರೇಷನ್ ಅಂಗಡಿಯ ಮೆಷಿನ್ ನನ್ನ ಬೆಟ್ಟನ್ನು ಒಪ್ಪುವುದೇ ಇಲ್ಲ ಎಂದು ನಕ್ಕರು. ಮೂರನೇ ಸಲಕ್ಕೆ ಅಚ್ಚು ಸರಿಯಾಗಿ ಬಂತು. ಅಷ್ಟು ಹೊತ್ತೂ ಏನೇನೋ ಮಾತಾಡುತ್ತಿದ್ದರು.

ಶಾಯಿ ಹಚ್ಚಿ ಒತ್ತಿದರೆ ಗುರುತು ಮೂಡುತ್ತದೆಯೇ ಎಂದು ಕೇಳಿದ್ದೀರಿ. ಮೂಡುತ್ತದೆ. ನಿನ್ನೆ ನನ್ನದೇ ಬೆರಳಿನ ಹಳೆಯ ಬಿಲ್ಲೆಯೊಂದನ್ನು ಸ್ಟಾಂಪ್ ಪ್ಯಾಡಿಗೆ ಒತ್ತಿ ನೋಡಿದೆ.

ಆದರೆ ಒಂದು ಮಾತಿದೆ. ನಾವು ಬಳಸುವುದು ಬೆಳ್ಳಿಯ ನುಣ್ಣನೆ ಪುಡಿಯನ್ನು ಅಂಟು, ನೀರಿನಲ್ಲಿ ಕಲಸಿದ ಜೇಡಿ. ಅಚ್ಚಿಗೆ ಒತ್ತಿ, ಒಣಗಿಸಿ, ಕರೆಂಟಿನ ಕುಲುಮೆಗೆ ಇಟ್ಟಾಗ ಅಂಟು ಸುಟ್ಟುಹೋಗಿ ಬೆಳ್ಳಿಯ ಕಣಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಗ ಸಾಮಾನು ಕುಗ್ಗುತ್ತದೆ. ಹೆಚ್ಚೂ ಕಡಿಮೆ ಹತ್ತರಲ್ಲಿ ಒಂದು ಪಾಲು. ಉಂಗುರ ಮಾಡುವಾಗ ಎರಡು ಅಳತೆ ದೊಡ್ಡದಾಗಿಯೇ ಮಾಡಬೇಕು. ಅಂದರೆ ನನ್ನ ಬೆಳ್ಳಿಯಿಂದ ಒತ್ತಿದ ಬೆಟ್ಟು ಅಜ್ಜಿಯ ನಿಜವಾದ ಬೆಟ್ಟಿಗಿಂತ ಚಿಕ್ಕದಾಗಿರಲೇಬೇಕು.

ರಬ್ಬರಿನ ಅಚ್ಚು ನನ್ನ ಬಳಿಯೇ ಇದೆ. ಹೆಸರು ಬರೆದ ಡಬ್ಬಿಯಲ್ಲಿ, ಬೀಗದೊಳಗೆ. ಒಂದು ದಿನವೂ ಹೊರಗೆ ಹೋಗಿಲ್ಲ. ಆ ಗಾಯದ ಗೆರೆ ಅಚ್ಚಿನಲ್ಲಿ ಹನ್ನೊಂದು ಮಿಲಿಮೀಟರ್. ಸುಟ್ಟ ಮೇಲೆ ಬೆಳ್ಳಿಯಲ್ಲಿ ಹತ್ತಕ್ಕೂ ಕೂದಲೆಳೆಯಷ್ಟು ಕಡಿಮೆ. ನನ್ನ ಕೆಲಸದ ಪುಸ್ತಕದಲ್ಲಿ ಎರಡನ್ನೂ ಬರೆದಿಟ್ಟಿದ್ದೇನೆ. ಉಯಿಲಿನ ಬೆಟ್ಟು ಅಸಲಿ ಅಳತೆಯಲ್ಲಿ ಸಿಕ್ಕರೆ ಹೋಲಿಸಬಹುದು.

ಭಯವಾಗುತ್ತಿದೆ. ಆದರೂ ಬರೆದಿದ್ದೇನೆ.

ಮಂಜುಶ್ರೀ


ಯಶವಂತಪುರ
12 ಮಾರ್ಚ್ 2025

ಮಂಜುಶ್ರೀ ಅವರೇ,

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ವಕೀಲರು ಎರಡು ಸಲ ಓದಿ, ಇಷ್ಟು ಸಾಕು ಎಂದರು.

ಇದರ ಜೊತೆ ಉಯಿಲಿನ ನಕಲು ಇದೆ. ವಕೀಲರೇ ಮುಂದೆ ನಿಂತು ಪಕ್ಕಕ್ಕೆ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡಿಸಿದ್ದಾರೆ. ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಅಳೆದು ನೋಡಿ. ನಂತರ ಛಾಪಾ ಕಾಗದದಲ್ಲಿ ಬರೆದುಕೊಡಿ. ಮುಂದಿನದು ಅವರು ನೋಡಿಕೊಳ್ಳುತ್ತಾರೆ.

ನಾನು ಕಾಯಲಿಲ್ಲ. ಕಳೆದ ಭಾನುವಾರ ಚಿಕ್ಕಬೈರಪ್ಪ ತಾತನ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ನಿರಂಜನನ ಮುಖಕ್ಕೇ ಹೇಳಿದೆ, ಸತ್ತವಳ ಬೆರಳನ್ನು ಬೆಳ್ಳಿ ಮಾಡಿಸಿ ಅವಳ ಹೆಸರಿನಲ್ಲಿ ಕಳ್ಳತನ ಮಾಡಿದ್ದೀಯಾ ಎಂದು. ಅವನು ಎದ್ದು ಹೋದ. ತಪ್ಪು ಮಾಡದವನು ಹಾಗೆ ಎದ್ದು ಹೋಗುತ್ತಾನೆಯೇ? ಅವನ ತಾಯಿ, ನಮ್ಮ ದೊಡ್ಡಮ್ಮ, ಮಣ್ಣು ತೂರಿದಂತೆ ನನ್ನನ್ನು ಶಪಿಸಿದರು.

ಅಪ್ಪ ಹೋಗಿ ಐದು ವರ್ಷ. ಆ ಮನೆಯ ಪಡಸಾಲೆ ಅಪ್ಪ ಕೈಯಾರೆ ಗಾರೆ ಹಾಕಿದ್ದು. ಅವರ ಹೆಸರು ಆ ಕಾಗದದಲ್ಲಿ ಇರಬೇಕಿತ್ತು.

ಬೇಗ ಬರೆಯಿರಿ.

ಮೋನಿಕಾ


ಯಲಹಂಕ ನ್ಯೂ ಟೌನ್
21 ಮಾರ್ಚ್ 2025

ಮೋನಿಕಾ ಅವರೇ,

ದಯವಿಟ್ಟು ಕೂತುಕೊಂಡು ಓದಿ.

ಹನ್ನೊಂದು ಮಿಲಿಮೀಟರ್ ಇದೆ.

ಮೂರು ಸಲ ಅಳೆದೆ. ನಂಬಿಕೆ ಬರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಲುಬ್ನಾ ನನಗಿಂತ ಹಿರಿಯರು, ಕಣ್ಣು ಚುರುಕು. ಯಾವುದು ಏನೆಂದು ಹೇಳದೆ ಅಚ್ಚನ್ನೂ ಕಾಗದವನ್ನೂ ಅವರ ಮುಂದಿಟ್ಟು ಅಳೆಯಲು ಹೇಳಿದೆ. ಅವರದೂ ಹನ್ನೊಂದೇ. ಸುಳಿಯ ನಡುವಿನಿಂದ ಗಾಯದ ತುದಿಗೆ ಇರುವ ದೂರವನ್ನೂ ನೋಡಿದೆವು. ಅಚ್ಚಿನಲ್ಲಿ ಎಷ್ಟೋ ಕಾಗದದಲ್ಲೂ ಅಷ್ಟೇ. ನನ್ನ ಬೆಳ್ಳಿಯಿಂದ ಒತ್ತಿದ್ದಾಗಿದ್ದರೆ ಆ ಅಳತೆ ಬರಲು ಸಾಧ್ಯವೇ ಇಲ್ಲ.

ಇನ್ನೊಂದನ್ನೂ ಹೇಳಬೇಕು. ನೀವು ಕಳಿಸಿದ ನಕಲಿನಲ್ಲಿ ಗಾಯದ ಕೆಳಗೆ ಸಣ್ಣದೊಂದು ಬಿರುಕು ಕಾಣುತ್ತದೆ, ಭತ್ತದ ಮೊನೆಯಷ್ಟು. ನನ್ನ ಅಚ್ಚಿನಲ್ಲಿ ಅದಿಲ್ಲ. ಅಂದರೆ ಜುಲೈ ಆದ ಮೇಲೆ ಆದ ಬಿರುಕು. ಬದುಕಿರುವ ಬೆರಳು ಮಾತ್ರ ಹೊಸದಾಗಿ ಬಿರಿಯುತ್ತದೆ.

ಅದು ನಿಮ್ಮ ಅಜ್ಜಿಯೇ ಒತ್ತಿದ ಬೆಟ್ಟು.

ನಿಮಗೆ ಬೇಕಾಗಿದ್ದ ಉತ್ತರ ಇದಲ್ಲ ಎಂದು ಗೊತ್ತು. ನಿಮ್ಮ ಪತ್ರ ಬಂದ ಮಾರನೇ ದಿನವೇ ನಿರಂಜನ್ ಅಂಗಡಿಗೆ ಬಂದಿದ್ದರು. ನಿಂತೇ ಮಾತಾಡಿದರು. "ನೀವು ಅವಳ ಜೊತೆ ಸೇರ್ಕೊಂಡು ನನ್ನನ್ನ ಕಳ್ಳ ಮಾಡಿದ್ರಿ. ತಿಂಗಳ ಕೊನೆಗೆ ಜಾಗ ಖಾಲಿ ಮಾಡಿ" ಎಂದರು. ನಾನಿನ್ನೂ ಅಳೆದಿಲ್ಲ, ಅಳತೆ ಏನು ಹೇಳುತ್ತದೋ ಅದನ್ನೇ ಹೇಳುತ್ತೇನೆ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಇವತ್ತಿಗೂ ಅವರಿಗೆ ನಾನು ಏನೂ ತಿಳಿಸಿಲ್ಲ. ಕೇಳಿದವರು ನೀವು, ಮೊದಲು ತಿಳಿಯಬೇಕಾದವರೂ ನೀವೇ.

ಮಂಜುಶ್ರೀ


ಯಶವಂತಪುರ
25 ಮಾರ್ಚ್ 2025

ಮಂಜುಶ್ರೀ ಅವರಿಗೆ,

ಒಂದು ಸಲ ಸುಳ್ಳು ಬರೆದವರು ನೀವು. ಈಗ ಬರೆದಿದ್ದು ನಿಜ ಎಂದು ನಾನು ಹೇಗೆ ನಂಬಲಿ? ಖಾಲಿ ಮಾಡಿ ಎಂದವನು ನಿಮ್ಮ ಉತ್ತರ ಕೇಳಿ ಇರಿ ಎನ್ನುತ್ತಾನೆ ಎಂಬ ಲೆಕ್ಕಾಚಾರವಿದ್ದರೂ ಇರಬಹುದು.

ವಕೀಲರನ್ನು ಕೇಳಿದೆ. ನೀವು ನಮ್ಮ ಪರ ಬರೆಯಬೇಕಾಗಿಲ್ಲ. "ಈ ಬೆಟ್ಟು ಬೆಳ್ಳಿಯಿಂದ ಒತ್ತಿದ್ದೋ ಅಲ್ಲವೋ ಖಚಿತವಾಗಿ ಹೇಳಲಾಗದು" ಎಂದಷ್ಟೇ ಬರೆದು ಸಹಿ ಮಾಡಿ. ಅದು ಸುಳ್ಳೂ ಅಲ್ಲ. ಯಾರು ತಾನೇ ಖಚಿತವಾಗಿ ಹೇಳಬಲ್ಲರು? ಎರಡನೇ ಬಿಲ್ಲೆ ಎಲ್ಲಿದೆ ಎಂದು ಅವನು ತೋರಿಸಲಾರ. ಸಂಶಯ ಒಂದಿದ್ದರೆ ಸಾಕು, ಉಳಿದಿದ್ದು ತಾನಾಗಿಯೇ ಬೀಳುತ್ತದೆ.

ನಿಮ್ಮನ್ನು ಬೀದಿಗೆ ಹಾಕುತ್ತಿರುವವನು ಅವನು. ನಾನಲ್ಲ. ಅದನ್ನೂ ಯೋಚಿಸಿ.

ಒಂದೇ ಒಂದು ಸಾಲು ಕೇಳುತ್ತಿದ್ದೇನೆ.

ಮೋನಿಕಾ


ತಣಿಸಂದ್ರ
9 ಏಪ್ರಿಲ್ 2025

ಮೋನಿಕಾ ಅವರೇ,

ವಿಳಾಸ ಬದಲಾಗಿರುವುದು ನೋಡಿದ್ದೀರಿ. ಲುಬ್ನಾ ಅವರ ಅಣ್ಣನ ಮನೆಯ ಕೆಳಗಿನ ಒಂದು ಕೋಣೆ. ಕಿಟಕಿ ಒಂದೇ. ಮೊದಲ ದಿನ ಕುಲುಮೆ ಹಚ್ಚಿದಾಗ ಇಡೀ ಮನೆಯ ಕರೆಂಟು ಹೋಯಿತು. ಹಳೆಯ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಇಲ್ಲಿಗೆ ಬರುವುದಿಲ್ಲ. ನಿರಂಜನ್ ಅವರಿಗೆ ಅಳತೆಯ ವಿಷಯ ಹೇಳದೆಯೇ ಬೀಗದ ಕೈ ಕೊಟ್ಟು ಬಂದೆ. ಹೇಳಿದ್ದರೆ ಜಾಗ ಉಳಿಯುತ್ತಿತ್ತೇನೋ. ನಿಮ್ಮ ಆ ಲೆಕ್ಕಾಚಾರದ ಮಾತು ಓದಿದ ಮೇಲೆ ಹೇಳಲು ಮನಸ್ಸಾಗಲಿಲ್ಲ.

ನೀವು ಕೇಳಿದ ಸಾಲನ್ನು ಬರೆದುಕೊಡುವುದಿಲ್ಲ. ಅಳೆಯುವ ಮೊದಲಾಗಿದ್ದರೆ ಅದು ನಿಜವಾಗಿರುತ್ತಿತ್ತು. ಅಳೆದ ಮೇಲೆ ಅಲ್ಲ. ನನಗೆ ನಿರಂಜನ್ ಅವರ ಮೇಲೆ ಸಿಟ್ಟಿದೆ, ತುಂಬಾ ಇದೆ. ಎರಡು ರಾತ್ರಿ ಆ ಸಾಲನ್ನು ಮನಸ್ಸಿನಲ್ಲೇ ಬರೆದು ಅಳಿಸಿದ್ದೇನೆ. ಎಷ್ಟು ಚಿಕ್ಕ ಸಾಲು ಎಂದುಕೊಂಡೆ. ಅದಕ್ಕೇ ಹೆದರಿಕೆಯಾಯಿತು.

ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಆ ದಿನ ಕಾರಿನಲ್ಲಿ ಅಜ್ಜಿ ಆಡಿದ ಮಾತು. ನಿರಂಜನ್ ಹೇಳಿಕೊಟ್ಟು ಆಡಿಸಿದ್ದಿರಬಹುದು ಎಂಬ ಸಂಶಯವಿತ್ತು; ಅದಕ್ಕೇ ನಿಮಗೆ ಬರೆಯಲಿಲ್ಲ. ಉಯಿಲಿನ ಬೆಟ್ಟು ಅಜ್ಜಿಯದೇ ಎಂದು ತಿಳಿದ ಮೇಲೆ ಈಗ ಆ ಸಂಶಯವಿಲ್ಲ. ಅವರು ಕಾರಿನ ಹೊರಗೆ ಫೋನಿನಲ್ಲಿದ್ದರು. ಎರಡು ಬೇಕೆಂದು ಹೇಳಿದ್ದು ಅವರಲ್ಲ, ಅಜ್ಜಿ. ಎರಡನೆಯದು ಯಾರಿಗೆ ಎಂದು ಕೇಳಿದೆ. ಕೇಳಿದಂತೆಯೇ ಬರೆಯುತ್ತೇನೆ.

"ನನ್ ಕಿರೀಮಗನ್ ಮಗ್ಳಿಗವ್ವ. ಅವ್ರಪ್ಪ ಸತ್ ವರ್ಷ ಗೇಟ್ ತಾವ ನಿಂತ್ಕೊಂಡು ಅಂದ್ಬುಟ್ಲು, ಈ ಮನೇದು ಒಂದ್ ಇಟ್ಗೇನೂ ನಮಗ್ ಬ್ಯಾಡ ಅಂತ. ಬ್ಯಾಡ ಅಂದೋಳ್ಗೆ ಮನೆ ಎಂಗ್ ಕೊಡ್ಲಿ? ಇವನು ನನ್ ಉಚ್ಚೆ ಬಟ್ಟೆ ಒಗ್ದವ್ನೆ. ಮನೆ ಇವನ್ಗೇ ಓಗ್ಲಿ. ಅವ್ಳು ಈ ಬೆಟ್ಟು ಇಡ್ಕೊಂಡೇ ಮಲಗ್ತಿದ್ದೋಳು. ಇದಾದ್ರೂ ಬ್ಯಾಡ ಅನ್ನಾಕಿಲ್ಲ."

ಇಷ್ಟೇ. ಹೇಳುವಾಗ ಅವರ ದನಿಯಲ್ಲಿ ಕೋಪವಿರಲಿಲ್ಲ.

ನೀವು ಇನ್ನು ಬರೆಯದಿದ್ದರೂ ಅರ್ಥ ಮಾಡಿಕೊಳ್ಳುತ್ತೇನೆ.

ಮಂಜುಶ್ರೀ


ಯಶವಂತಪುರ
17 ಆಗಸ್ಟ್ 2025

ಮಂಜುಶ್ರೀ ಅವರೇ,

ನಾಲ್ಕು ತಿಂಗಳಾಯಿತು. ಮೊದಲ ತಿಂಗಳು ನಿಮ್ಮ ಪತ್ರವನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದೆ. ಅಮ್ಮನಿಗೆ ತೋರಿಸಲಿಲ್ಲ. ಆಮೇಲೆ ಒಂದು ದಿನ ಅಡುಗೆಮನೆಯಲ್ಲಿ ಕೇಳಿದೆ, ಅಪ್ಪ ಹೋದ ವರ್ಷ ಗೇಟಿನ ಹತ್ತಿರ ನಾನು ಅಜ್ಜಿಗೆ ಏನೆಂದೆ ಎಂದು. ಅಮ್ಮ ಸೊಪ್ಪು ಬಿಡಿಸುತ್ತಲೇ, "ಒಂದು ಇಟ್ಟಿಗೇನೂ ಬೇಡ ಅಂದೆ" ಎಂದರು. ಅವರಿಗೆ ಎಲ್ಲ ನೆನಪಿತ್ತು. ನಾನು ವಕೀಲರ ಹತ್ತಿರ ಓಡಾಡುತ್ತಿದ್ದಾಗಲೂ ನೆನಪಿತ್ತು. ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನಿನ್ನ ಅಪ್ಪ ಹೋದ ಮೇಲೆ ನೀನು ಸಿಟ್ಟಿನಲ್ಲೇ ನಿಂತಿದ್ದೀಯಾ, ಅದನ್ನೂ ಕಿತ್ತುಕೊಂಡರೆ ಬಿದ್ದುಹೋಗುತ್ತೀಯಾ ಎಂದುಕೊಂಡೆ ಎಂದರು.

ನಿಮಗೆ ಯಾವ ಪತ್ರದಲ್ಲೂ ನಾನು ಆ ಮಾತನ್ನು ಬರೆದಿರಲಿಲ್ಲ. ಮರೆತಿರಲಿಲ್ಲ. ಬರೆಯಲಿಲ್ಲ.

ಅಪ್ಪನಿಗೆ ಎದೆನೋವು ಬಂದ ದಿನ ನಿರಂಜನ ಊರಲ್ಲಿರಲಿಲ್ಲ, ಕಾರೂ ಇರಲಿಲ್ಲ. ಆಟೋ ಹುಡುಕಿಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಯಾರ ತಪ್ಪೂ ಅಲ್ಲದ್ದಕ್ಕೆ ಒಂದು ಮನೆ ಬೇಕಿತ್ತು ನನಗೆ ಬೈಯಲು. ಅಲ್ಲಿಂದ ಮುಂದೆ ಅಜ್ಜಿಯನ್ನು ನೋಡಲು ಮೂರೇ ಸಲ ಹೋಗಿದ್ದು. ಮೂರು ಸಲವೂ ಗೇಟಿನ ಹೊರಗೇ ನಿಂತು ಮಾತಾಡಿಸಿ ಬಂದಿದ್ದೆ.

ಜುಲೈನಲ್ಲಿ ಚಿಕ್ಕಬೈರಪ್ಪ ತಾತನಿಗೆ ಫೋನ್ ಮಾಡಿ ಎಲ್ಲರನ್ನೂ ಸೇರಿಸಲು ಕೇಳಿಕೊಂಡೆ. ಕಳ್ಳ ಎಂದಿದ್ದು ಎಲ್ಲರ ಮುಂದೆ, ಅಲ್ಲ ಎನ್ನುವುದೂ ಎಲ್ಲರ ಮುಂದೆಯೇ ಆಗಬೇಕಲ್ಲ. ನಿಮ್ಮ ಅಳತೆಯ ಪತ್ರವನ್ನು ಓದಿ ಹೇಳಿದೆ. ದಾವೆ ಹಾಕುವುದಿಲ್ಲ ಎಂದೆ. ತಪ್ಪಾಯಿತು ಎಂದೆ. ನಿರಂಜನ ಗೋಡೆ ನೋಡುತ್ತಾ ಕೂತಿದ್ದ.

ಎಲ್ಲರೂ ಎದ್ದ ಮೇಲೆ ಅವನೊಬ್ಬನೇ ಇದ್ದಾಗ ಎರಡನೆಯ ಬಿಲ್ಲೆಯ ಬಗ್ಗೆ ಕೇಳಿದೆ. ಕೊಡು ಎಂದು ಕೇಳಲಿಲ್ಲ, ಎಲ್ಲಿದೆ ಎಂದು ಮಾತ್ರ. ಅವನು ಹೇಳಿದ:

"ಮಣ್ಣು ಮಾಡೋ ದಿನ ಹನ್ನೊಂದು ಗಂಟೆವರೆಗೂ ನಿಂಗೋಸ್ಕರ ಕಾದ್ವಿ. ನೀನ್ ಬರ್ಲಿಲ್ಲ. ನಾಕ್ ವರ್ಷ ನಾನ್ ಸ್ನಾನ ಮಾಡ್ಸಿದೀನಿ, ಕೊನೆ ದಿನಾನೂ ಅವ್ಳ ಬಾಯಲ್ಲಿ ನಿನ್ ಹೆಸ್ರೇ. ತಡ್ಕೊಳೋಕ್ ಆಗ್ಲಿಲ್ಲ. ನಿಂಗೆ ಅಂತ ಕೊಟ್ಟಿದ್ನ ಅವ್ಳ ಕೈಯಲ್ಲೇ ಇಟ್ಟು ಮಣ್ಣು ಹಾಕ್ಬಿಟ್ಟೆ. ಆಮೇಲೆ ಯಾರ್ ಹತ್ರ ಹೇಳ್ಲಿ? ಅದಕ್ಕೇ ಒಂದೇ ಅನ್ನಿ ಅಂತ ಆ ಬೆಳ್ಳಿ ಕೆಲ್ಸದವ್ರಿಗೆ ಹೇಳಿದ್ದು. ಅದೊಂದೇ ನಾನ್ ಕದ್ದಿದ್ದು."

ಆ ದಿನ ಬೆಳಿಗ್ಗೆ ಆರಕ್ಕೇ ಮನೆ ಬಿಟ್ಟಿದ್ದೆ. ಹೆಬ್ಬಾಳದಲ್ಲಿ ಇಳಿದು ಬಸ್ ಸ್ಟಾಪಿನಲ್ಲಿ ನಾಲ್ಕು ಗಂಟೆ ಕೂತಿದ್ದೆ. ಮುಂದಕ್ಕೂ ಹೋಗಲಾಗಲಿಲ್ಲ, ಹಿಂದಕ್ಕೂ ಹೋಗಲಾಗಲಿಲ್ಲ. ಅದನ್ನು ಅವನಿಗೆ ಹೇಳಿದೆ. ಅವನು ತಲೆ ಆಡಿಸಿದ.

ನಿಮ್ಮ ಅಂಗಡಿಯ ವಿಷಯವನ್ನೂ ತೆಗೆದೆ. ಅವನಿಗೆ ನಾಚಿಕೆಯಾಗಿದೆ. ಬೇರೆ ಯಾರಿಗೂ ಕೊಟ್ಟಿಲ್ಲ, ಬೀಗ ಹಾಗೇ ಇದೆ, ಅವರು ಬರುವುದಾದರೆ ಬರಲಿ ಎಂದ. ಹೋಗುವುದು ಬಿಡುವುದು ನಿಮಗೆ ಬಿಟ್ಟಿದ್ದು. ಅವನೇ ಬಂದು ನಿಮ್ಮನ್ನು ಕೇಳಬೇಕು ಎಂದಿದ್ದೇನೆ.

ಅಚ್ಚು ನಿಮ್ಮ ಬಳಿ ಇದೆ, ಇನ್ನೊಂದು ಮಾಡಿಸಬಹುದು ಎಂದು ಅಮ್ಮ ಹೇಳಿದರು. ಬೇಡ ಎಂದೆ. ಅಜ್ಜಿ ಕೊಟ್ಟಿದ್ದು ಒಂದು. ಅದು ಅವರ ಕೈಯಲ್ಲೇ ಇದೆ.

ಕಳೆದ ಭಾನುವಾರ ಅಮ್ಮನ ಜೊತೆ ಹುಣಸಮಾರನಹಳ್ಳಿಗೆ ಹೋಗಿದ್ದೆ. ಗೇಟು ದಾಟಿ ಒಳಗೆ ಹೋಗಿ ಅಪ್ಪ ಗಾರೆ ಹಾಕಿದ ಪಡಸಾಲೆಯಲ್ಲಿ ಕೂತೆ. ದೊಡ್ಡಮ್ಮ ಮುದ್ದೆ ಬಡಿಸಿದರು. ಸಾರು ಬೇಕೇ ಎಂದೂ ಕೇಳಲಿಲ್ಲ, ಹಾಕಿದರು. ಉಂಡು ಬಂದೆ.

ನಿಮಗೆ ಒಂದು ಮಾತು ಹೇಳಬೇಕು. ನಾನು ಕೇಳಿದ ಆ ಸಾಲನ್ನು ನೀವು ಬರೆದುಕೊಟ್ಟಿದ್ದರೆ ನಾನು ಗೆಲ್ಲುತ್ತಿದ್ದೆ. ವಕೀಲರು ಈಗಲೂ ಹಾಗೇ ಹೇಳುತ್ತಾರೆ. ಮನೆಯಲ್ಲಿ ಅಪ್ಪನ ಪಾಲು ನನ್ನದಾಗುತ್ತಿತ್ತು, ಅವನು ಊರಿನವರ ಬಾಯಲ್ಲಿ ಸಾಯುವವರೆಗೂ ಕಳ್ಳನಾಗಿರುತ್ತಿದ್ದ, ಅಜ್ಜಿ ಕಾರಿನಲ್ಲಿ ಆಡಿದ ಮಾತು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ನಾನು ಸಂತೋಷವಾಗಿ ಇರುತ್ತಿದ್ದೆ ಅನ್ನಿಸುತ್ತದೆ. ಅದನ್ನು ನೆನೆದಾಗಲೆಲ್ಲ ಹೆದರಿಕೆಯಾಗುತ್ತದೆ.

ನಿಮ್ಮ,
ಮೋನಿಕಾ